ಅರಳೆ ಹಾಲು ಬಿಟ್ಟ ಬೇಸಿಗೆ

ರಾಯಚೂರಿನಲ್ಲಿ ಶಿವರಾತ್ರಿ ಮುಗಿದ ಕೂಡಲೇ ಎಲ್ಲರ ಮನೆಯಲ್ಲೂ ಒಂದು ಕೆಲಸ ಶುರುವಾಗುತ್ತೆ. ಕೂಲರ್ ತೊಳೆಯೋದು. ಚಳಿ ಶಿವ ಶಿವಾ ಅಂತ ಹೋಯಿತು ಅಂತ ಬಾಯಲ್ಲಿ ಹೇಳುತ್ತಿರುವಾಗಲೇ ಬಿಸಿಲು ಹೊಸ್ತಿಲಿಗೆ ಬಂದು ನಿಂತಿರುತ್ತೆ.

ನಮ್ಮ ಕೂಲರ್ ಚಳಿಗಾಲವೆಲ್ಲ ಹಿಂದಿನ ಬಾಲ್ಕನಿಯಲ್ಲಿ, ಬೇವಿನ ಮರದ ಕಡೆ ಮುಖ ಮಾಡಿ, ಹಳೇ ಚಾದರ ಹೊದ್ದು ನಿಂತಿರುತ್ತೆ. ಹೋದ ವರ್ಷ ನಾನು ಚಾದರ ತೆಗೆದು, ಪಕ್ಕದ ಜಾಲರಿ ಬಿಚ್ಚಿ, ಒಣಗಿದ ಹುಲ್ಲಿನ ಪ್ಯಾಡನ್ನು ಒಂದೇ ಏಟಿಗೆ ಹೊರಗೆಳೆದೆ. ಅದರ ಜೊತೆ ಒಂದು ಬೊಗಸೆ ಹತ್ತಿಯೂ ಬಂದು ನೆಲಕ್ಕೆ ಬಿತ್ತು. ಹತ್ತಿಯೊಳಗಿಂದ ಚೀ ಚೀ ಅಂತ ಸಣ್ಣ ಸದ್ದು. ಬಗ್ಗಿ ನೋಡಿದರೆ ಎರಡು ಅಳಿಲು ಮರಿ. ಕಣ್ಣು ಬಿಟ್ಟಿರಲಿಲ್ಲ, ಮೈಮೇಲೆ ಮಖಮಲ್ಲಿನಂಥ ಕೂದಲು ಈಗಷ್ಟೇ ಹುಟ್ಟುತ್ತಿತ್ತು, ಬೆನ್ನ ಮೇಲೆ ಮೂರು ಗೆರೆ ಮಾತ್ರ ಆಗಲೇ ಯಾರೋ ಪೆನ್ಸಿಲಿನಲ್ಲಿ ಎಳೆದ ಹಾಗೆ ಕಾಣುತ್ತಿದ್ದವು.

ನಮ್ಮೂರಲ್ಲಿ ಹತ್ತಿ ತುಂಬಿದ ಲಾರಿ ಹೋದ ದಾರಿಯುದ್ದಕ್ಕೂ ಬೇಲಿಗೆ, ಕರೆಂಟಿನ ವೈರಿಗೆ, ಮರದ ಕೊಂಬೆಗೆ ಅರಳೆ ಸಿಕ್ಕಿಕೊಂಡು ತೂಗುತ್ತಿರುತ್ತೆ. ತಾಯಿ ಅಳಿಲು ಅದನ್ನೇ ಹೆಕ್ಕಿ ಹೆಕ್ಕಿ ತಂದು ಕೂಲರಿನ ಹುಲ್ಲಿನ ನಡುವೆ ತುರುಕಿ ಗೂಡು ಕಟ್ಟಿತ್ತು. ಎಷ್ಟು ದಿನದ ಕೆಲಸವೋ. ನಾನು ಒಂದು ಕೈಯೇಟಿಗೆ ಕೆಡವಿದ್ದೆ.

ಮೊದಲು ಮಾಡಬೇಕಾದ್ದು ತಾಯಿಗೆ ಮರಿ ವಾಪಸ್ ಕೊಡೋದು. ಮನುಷ್ಯರ ಕೈ ವಾಸನೆ ಹತ್ತಿದರೆ ತಾಯಿ ಮುಟ್ಟಲ್ಲ ಅಂತ ತುಂಬ ಜನ ಹೇಳುತ್ತಾರೆ, ಅದು ಸುಳ್ಳು. ಚಪ್ಪಲಿ ಡಬ್ಬಿಯಲ್ಲಿ ಅದೇ ಹತ್ತಿ ಹಾಸಿ, ಕೆಳಗೆ ಬೆಚ್ಚಗಿನ ನೀರಿನ ಬಾಟಲಿ ಬಟ್ಟೆ ಸುತ್ತಿ ಇಟ್ಟು, ಕೂಲರ್ ಇದ್ದ ಜಾಗದಲ್ಲೇ ಇಟ್ಟು ನಾವೆಲ್ಲ ಒಳಗೆ ಹೋದೆವು. ಒಂದು ಗಂಟೆಯಲ್ಲಿ ತಾಯಿ ಬಂತು. ಒಂದು ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಮರ ಹತ್ತಿತು. ನನ್ನ ಮಗ ಕಿಟಕಿಯ ಸಂದಿಯಿಂದ ನೋಡಿ ಕುಣಿದ. ಆದರೆ ಎರಡನೇದಕ್ಕೆ ಅದು ಬರಲೇ ಇಲ್ಲ. ಸಂಜೆ ಕಾಂಪೌಂಡಿನ ಮೇಲೆ ಬೆಕ್ಕು ಕೂತಿತ್ತು, ಅದಕ್ಕೇ ಹೆದರಿತೋ ಏನೋ. ಕತ್ತಲಾದ ಮೇಲೆ ಅಳಿಲುಗಳು ಓಡಾಡುವುದಿಲ್ಲ. ಡಬ್ಬಿ ಒಳಗೆ ತಂದೆ. ಮರುದಿನ ಬೆಳಗ್ಗೆ ಮತ್ತೆ ಇಟ್ಟು ಮಧ್ಯಾಹ್ನದವರೆಗೆ ಕಾದೆವು. ಬರಲಿಲ್ಲ. ಹಾಗೆ ಒಂದು ಮರಿ ನಮ್ಮ ಮನೆಯಲ್ಲಿ ಉಳಿಯಿತು. ಮಗ ಅದಕ್ಕೆ ಅರಳೆ ಅಂತ ಹೆಸರಿಟ್ಟ.

ಆ ಮೊದಲ ರಾತ್ರಿ ನಾನು ಮಾಡಿದ ತಪ್ಪನ್ನು ಇಲ್ಲಿ ಬರೆಯಲೇಬೇಕು, ಯಾಕಂದರೆ ಬೇರೆಯವರೂ ಅದನ್ನೇ ಮಾಡುತ್ತಾರೆ. ನಮ್ಮ ಅವ್ವ ಎಮ್ಮೆ ಹಾಲು ಬಿಸಿ ಮಾಡಿ, ಹತ್ತಿ ಬತ್ತಿ ಅದ್ದಿ ಬಾಯಿಗೆ ಹಿಂಡು ಅಂದಳು. ಹಿಂದೆ ಅವರ ಊರಲ್ಲಿ ಗುಬ್ಬಿ ಮರಿಗೂ, ಕುರಿ ಮರಿಗೂ ಎಲ್ಲಕ್ಕೂ ಹಾಗೇ ಮಾಡುತ್ತಿದ್ದರಂತೆ. ನಾನೂ ಹಾಗೇ ಮಾಡಿದೆ. ಮರಿಯನ್ನು ಅಂಗಾತ ಮಲಗಿಸಿ ಹಿಂಡಿದೆ. ಹಾಲು ಮೂಗಿನಿಂದ ಗುಳ್ಳೆ ಗುಳ್ಳೆಯಾಗಿ ಬಂತು. ಹೆದರಿ ತಲೆ ಕೆಳಗೆ ಮಾಡಿ ಒರೆಸಿದೆ. ಉಸಿರು ಸಣ್ಣಗೆ ಕಿರ್ ಕಿರ್ ಅನ್ನುತ್ತಿತ್ತು. ಬೆಳಗಾಗುವಷ್ಟರಲ್ಲಿ ಭೇದಿ ಬೇರೆ.

ದನದ ದವಾಖಾನೆಯ ಡಾಕ್ಟರ್ ಮರಿಯನ್ನು ಅಂಗೈಯಲ್ಲಿಟ್ಟು ನೋಡಿ, ಎರಡು ವಾರದ್ದಿರಬಹುದು ಅಂದರು. ತೂಕ 16 ಗ್ರಾಂ. ದೊಡ್ಡ ಅಳಿಲೇ ಸುಮಾರು 100 ಗ್ರಾಂ ಇರುವುದು. ದನದ ಹಾಲು, ಎಮ್ಮೆ ಹಾಲು ಎರಡೂ ಬೇಡ, ಅದಕ್ಕೆ ಜೀರ್ಣ ಆಗಲ್ಲ, ನಾಯಿ ಮರಿಗೆ ಕೊಡುವ ಹಾಲಿನ ಪುಡಿ ತನ್ನಿ, ಸಿಗುವವರೆಗೆ ಆಡಿನ ಹಾಲು ನಡೆಯುತ್ತೆ ಅಂದರು. ಮೈ ತಣ್ಣಗಿದ್ದಾಗ ಏನೂ ಕುಡಿಸಬಾರದು, ಮೊದಲು ಮೈ ಬೆಚ್ಚಗಾಗಬೇಕು, ಆಮೇಲೆ ಒಂದೆರಡು ಸಲ ತೆಳು ಓಆರ್‌ಎಸ್, ಆಮೇಲೆ ಹಾಲು. ಒಂದು ಸಲಕ್ಕೆ ತೂಕದ ನೂರಕ್ಕೆ 5 ಭಾಗ. ಅಂದರೆ 16 ಗ್ರಾಮಿನ ಮರಿಗೆ 0.8 ಎಂ.ಎಲ್. ಸೂಜಿ ತೆಗೆದ 1 ಎಂ.ಎಲ್ ಸಿರಿಂಜಿನಲ್ಲಿ, ಮರಿ ನಿಂತ ಹಾಗೆ ಹಿಡಿದು, ಹನಿ ಹನಿಯಾಗಿ. ಪ್ರತಿ ಸಲ ಕುಡಿಸುವಾಗಲೂ ಒದ್ದೆ ಹತ್ತಿಯಿಂದ ಹೊಟ್ಟೆಯ ಕೆಳಗೆ ಮೆತ್ತಗೆ ಸವರಬೇಕು, ಕಣ್ಣು ಬಿಡುವವರೆಗೆ ಅದು ತಾನಾಗಿ ಉಚ್ಚೆ ಹೊಯ್ಯಲ್ಲ, ತಾಯಿ ನೆಕ್ಕಿದರೇ ಆಗೋದು. ಅರಣ್ಯ ಇಲಾಖೆಯವರಿಗೂ ಡಾಕ್ಟರೇ ಫೋನ್ ಮಾಡಿ ತಿಳಿಸಿದರು. "ಇದು ಸಾಕೋ ಪ್ರಾಣಿ ಅಲ್ಲಮ್ಮ. ದೊಡ್ಡದಾದ ಮೇಲೆ ಬಿಡೋದಕ್ಕೇ ಬೆಳೆಸ್ತಿದ್ದೀರಿ ಅನ್ನೋದು ನೆನಪಿರಲಿ" ಅಂದರು. ಆಗ ತಲೆಯಾಡಿಸಿದೆ. ಆ ಮಾತಿನ ಭಾರ ಆಮೇಲೆ ಗೊತ್ತಾಯಿತು.

ಮುಂದಿನ ಮೂರು ವಾರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ರಾತ್ರಿ ಅಲಾರಂ, ಬಾಟಲಿಗೆ ಬಿಸಿನೀರು, ಸಿರಿಂಜು ಕುದಿಸೋದು, ಚಿನ್ನ ತೂಗುವಂಥ ಪುಟ್ಟ ತಕ್ಕಡಿಯಲ್ಲಿ ದಿನಾ ಬೆಳಗ್ಗೆ ತೂಕ ನೋಡಿ ಕ್ಯಾಲೆಂಡರಿನಲ್ಲಿ ಬರೆಯೋದು. ಹತ್ತು ದಿನಕ್ಕೆ ಒಂದು ಕಣ್ಣು ಬಿಟ್ಟಿತು, ಮರುದಿನ ಇನ್ನೊಂದು. ಬಾಲಕ್ಕೆ ಕೂದಲು ಬಂತು. ಬೆಳಗಿನ ಐದು ಗಂಟೆಯ ಹಾಲು ನನ್ನದೇ ಪಾಲಿನದು. ಆ ಹೊತ್ತಿಗೆ ಮನೆಯಲ್ಲಿ ಯಾರೂ ಎದ್ದಿರುವುದಿಲ್ಲ. ನಲ್ಲಿ ಬರುವ ದಿನವಾದರೆ ಆರಕ್ಕೆ ಕೊಡ ಹಿಡಿದು ನಿಲ್ಲಬೇಕು. ಅದಕ್ಕೂ ಮೊದಲಿನ ಆ ಅರ್ಧ ಗಂಟೆ ನಾನು, ಅರಳೆ, ಹೊರಗೆ ಬೇವಿನ ಮರ, ಅಷ್ಟೇ. ಮುಂಗೈ ಎರಡನ್ನೂ ನನ್ನ ಬೆರಳಿನ ಮೇಲಿಟ್ಟು, ಕಣ್ಣು ಮುಚ್ಚಿ ಕುಡಿಯುತ್ತಿತ್ತು.

ಯುಗಾದಿ ಬಂದಾಗ ಅದಕ್ಕೆ ಐದೂವರೆ ವಾರ ಇರಬಹುದು. ಅಷ್ಟರಲ್ಲಿ ಮೇಲಿನ ಹಲ್ಲೂ ಬಂದಿತ್ತು. ಸಿರಿಂಜಿನ ತುದಿಯನ್ನು ಕಚ್ಚಿ ಕಚ್ಚಿ ಹಾಳು ಮಾಡಲು ಶುರು ಮಾಡಿತು. ಪ್ಲಾಸ್ಟಿಕ್ ಚೂರು ನುಂಗೀತು ಅಂತ ನನಗೆ ಭಯ. ಹಬ್ಬದ ದಿನ ಬೇವು ಬೆಲ್ಲಕ್ಕೆ ಅಂತ ಹಿಂದಿನ ಮರದಿಂದಲೇ ಹೂವು ಕಿತ್ತು ತಂದಿದ್ದೆವು. ಅರಳೆ ಮಗನ ತೋಳಿನಿಂದ ಇಳಿದು ತಟ್ಟೆಯ ಹತ್ತಿರ ಹೋಗಿ, ಒಂದು ಹೂವನ್ನು ಎರಡು ಕೈಯಲ್ಲಿ ಹಿಡಿದು, ತಿರುಗಿಸಿ ತಿರುಗಿಸಿ ನೋಡಿ, ಕಚ್ಚಿತು. ನಾವೆಲ್ಲ ಉಸಿರು ಬಿಗಿ ಹಿಡಿದು ಕೂತೆವು. ಹೂವು ಉಗುಳಲಿಲ್ಲ. ಇನ್ನೊಂದು ತೆಗೆದುಕೊಂಡಿತು. ನಮ್ಮ ಮನೆಯಲ್ಲಿ ಅದು ತಿಂದ ಮೊದಲ ಗಟ್ಟಿ ಆಹಾರ ಬೇವಿನ ಹೂವು.

ಅವ್ವ ಅದನ್ನು ನೋಡಿ ಹೇಳಿದಳು, "ಇನ್ನ ಹಾಲು ಬಿಡಿಸೂ ಹೊತ್ತು ಬಂತು ನೋಡವ್ವ." ಆಮೇಲೆ ನಾನು ಹಾಲು ಬಿಟ್ಟ ಕಥೆ ಹೇಳಿದಳು. ನನಗೆ ಎರಡು ವರ್ಷ ಆಗಿದ್ದಾಗ ತಮ್ಮ ಹೊಟ್ಟೆಯಲ್ಲಿದ್ದನಂತೆ. ಅಜ್ಜಿ ಬೇವಿನ ಎಲೆ ಅರೆದು ಅವ್ವನ ಎದೆಗೆ ಹಚ್ಚಿದಳಂತೆ. ನಾನು ಒಂದು ಸಲ ಬಾಯಿ ಇಟ್ಟು, ಮುಖ ಕಿವುಚಿ, ಅತ್ತು, ಮತ್ತೆ ಬಂದು, ಮತ್ತೆ ಅತ್ತು, ಮೂರು ರಾತ್ರಿ ಹಾಗೇ ಕಳೆದು ನಾಲ್ಕನೇ ದಿನ ಸುಮ್ಮನಾದೆನಂತೆ. "ನೀ ಅಳೂದು ಕೇಳಿ ನಾನೂ ಅತ್ತೆ. ಎದೆ ಕಟ್ಟಿ ಜ್ವರ ಬಂದಿತ್ತು" ಅಂದಳು. ಈ ಎರಡನೇ ಮಾತನ್ನು ನಲವತ್ತು ವರ್ಷದಲ್ಲಿ ಅವಳು ಎಂದೂ ಹೇಳಿರಲಿಲ್ಲ.

ಬಿಡಿಸೋದು ಅನ್ನುವ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಒಂದು ದಿನ ಗೊತ್ತು ಮಾಡಿಕೊಂಡು ಹಾಲು ಬಿಡಿಸಬೇಕು ಅಂತಲೇ ನಾನು ಅಂದುಕೊಂಡೆ. ನಾನು ಮಾಡುವ ಕೆಲಸ ಅದು, ಮರಿಗೆ ಆಗುವ ಕೆಲಸ. ಮುಂದಿನ ತೊಂದರೆಗೆಲ್ಲ ಇದೇ ಕಾರಣ ಆಯಿತು.

ಶುರು ಚೆನ್ನಾಗೇ ಆಯಿತು. ಡಾಕ್ಟರ್ ಹೇಳಿದ ಹಾಗೆ ಹಾಲನ್ನೇ ಬಾಟಲಿ ಮುಚ್ಚಳದಲ್ಲಿ ಹಾಕಿಟ್ಟೆ. ಅದು ಮುಚ್ಚಳದೊಳಗೆ ಕಾಲಿಟ್ಟು, ಮೂಗು ಅದ್ದಿ, ಸೀನಿ, ಆಮೇಲೆ ನೆಕ್ಕಿತು. ಗಲ್ಲಕ್ಕೆ, ಎದೆಗೆಲ್ಲ ಹಾಲು. ಅದನ್ನು ಒದ್ದೆ ಬಟ್ಟೆಯಿಂದ ಆಗಲೇ ಒರೆಸಬೇಕು, ಒಣಗಿ ಅಂಟಿದರೆ ಆ ಜಾಗದ ಕೂದಲು ಉದುರುತ್ತೆ. ಎರಡು ದಿನ ಬಿಟ್ಟು ಅದೇ ಹಾಲಿಗೆ ಹುರಿದ ರಾಗಿ ಹಿಟ್ಟು ಕಲಸಿ ಅಂಬಲಿಗಿಂತ ಗಟ್ಟಿಯಾಗಿ ಮಾಡಿ ಇಟ್ಟೆ. ಗೊತ್ತಿರುವ ವಾಸನೆಯ ಜೊತೆ ಗೊತ್ತಿಲ್ಲದ ರುಚಿ. ನಮ್ಮ ಕಡೆ ಮನೆಯಲ್ಲಿ ರಾಗಿ ಇರೋದು ಕಡಿಮೆ, ಇಲ್ಲಿ ಜೋಳದ ರೊಟ್ಟಿಯೇ ಊಟ. ಜೋಳದ ಹಿಟ್ಟೇ ಕೊಟ್ಟರಾಯಿತಲ್ವಾ, ರಾಗಿಗೆ ಅಂತ ಅಂಗಡಿಗೆ ಯಾಕೆ ಓಡಬೇಕು ಅಂತ ನಮ್ಮವರು ಕೇಳಿದರು. ನನಗೂ ಆಗ ಉತ್ತರ ಗೊತ್ತಿರಲಿಲ್ಲ, ಡಾಕ್ಟರ್ ಹೇಳಿದ್ದಾರೆ ಅಂತ ತಂದೆ.

ಉತ್ತರ ಗೊತ್ತಾಗಿದ್ದು ಶೇಂಗಾದಿಂದ.

ಆರೂವರೆ ವಾರದ ಹೊತ್ತಿಗೆ ಅರಳೆ ಸೌತೆಕಾಯಿ ಕಚ್ಚುತ್ತಿತ್ತು, ಕುಂಬಳಕಾಯಿ ಚೂರು, ಪೇರಲ ಹಣ್ಣಿನ ಹೋಳು ಸ್ವಲ್ಪ ಸ್ವಲ್ಪ ತಿನ್ನುತ್ತಿತ್ತು. ನನ್ನ ಮಗನಿಗೆ ಸಮಾಧಾನ ಇಲ್ಲ. ಅಳಿಲು ಅಂದ ಮೇಲೆ ಚಿತ್ರದಲ್ಲೆಲ್ಲ ಕಾಯಿ ಹಿಡಿದು ಕೂತಿರುತ್ತಲ್ಲ. ಅವನು ಡಬ್ಬಿಯಿಂದ ಶೇಂಗಾ ತಂದು ಕೊಟ್ಟ. ಇನ್ನೊಂದು ದಿನ ಸೂರ್ಯಕಾಂತಿ ಬೀಜ. ನಾನೂ ಬೇಡ ಅನ್ನಲಿಲ್ಲ. ಸುತ್ತಮುತ್ತ ಎಲ್ಲ ಕಡೆ ಬೆಳೆಯುವ ಬೆಳೆ, ಹೊಲದ ಅಳಿಲು ತಿನ್ನುತ್ತೆ, ಮನೆಯದು ತಿಂದರೆ ಏನಾಯಿತು ಅಂದುಕೊಂಡೆ. ಅರಳೆಗೆ ಅದು ಎಷ್ಟು ಇಷ್ಟವಾಯಿತು ಅಂದರೆ ಉಳಿದದ್ದೆಲ್ಲ ಮುಟ್ಟುವುದನ್ನೇ ಬಿಟ್ಟಿತು. ರಾಗಿ ಹಾಗೇ ಒಣಗುತ್ತಿತ್ತು. ಸೌತೆಕಾಯಿ ಬಾಡುತ್ತಿತ್ತು. ನಾವು ಖುಷಿಪಟ್ಟೆವು, ಎಷ್ಟು ಚೆನ್ನಾಗಿ ತಿನ್ನುತ್ತಿದೆ ನೋಡು ಅಂತ. ಅದೇ ಖುಷಿಯಲ್ಲಿ ನಾನು ಒಂದೇ ದಿನ ಎರಡು ಹೊತ್ತಿನ ಹಾಲು ನಿಲ್ಲಿಸಿದೆ. ಮಧ್ಯಾಹ್ನದ್ದು, ರಾತ್ರಿಯದ್ದು. ಬಿಡಿಸುತ್ತಿದ್ದೇನೆ ಅಂತ.

ಸುಮಾರು ಎರಡು ವಾರ ಹಾಗೇ ಹೋಯಿತು. ಒಂದು ಬೆಳಗ್ಗೆ ಡಬ್ಬಿ ತೆಗೆದರೆ ಅರಳೆ ಹತ್ತಿರ ಬರಲಿಲ್ಲ. ಬಂದಾಗ ಹಿಂಗಾಲು ಎಳೆಯುತ್ತಿತ್ತು. ಪರದೆ ಹತ್ತಲು ಹೋಗಿ ಅರ್ಧಕ್ಕೇ ಜಾರಿ ಬಿತ್ತು. ಎತ್ತಿಕೊಂಡರೆ ಕಿರುಚಿತು. ಅಷ್ಟು ದಿನ ಒಂದೇ ಒಂದು ಸಲವೂ ನನ್ನ ಕೈಯಲ್ಲಿ ಹಾಗೆ ಕಿರುಚಿರಲಿಲ್ಲ.

ಡಾಕ್ಟರ್ ಮೊದಲು ಕೇಳಿದ್ದು ಏನು ತಿನ್ನಿಸುತ್ತಿದ್ದೀರಿ ಅಂತ. ಹೇಳಿದೆ. ಅವರು ಬೈಯಲಿಲ್ಲ, ಕೂರಿಸಿಕೊಂಡು ಬಿಡಿಸಿ ಹೇಳಿದರು. ಬೆಳೆಯುವ ಮರಿಗೆ ಮೂಳೆ ಗಟ್ಟಿಯಾಗಲು ಸುಣ್ಣದಂಶ ಬೇಕು, ಅಂದರೆ ಕ್ಯಾಲ್ಸಿಯಂ. ಊಟದಲ್ಲಿ ಅದು ಸಾಕಷ್ಟು ಇರದಿದ್ದರೆ ರಕ್ತಕ್ಕೆ ಬೇಕಾದ್ದನ್ನು ದೇಹ ಮೂಳೆಯಿಂದಲೇ ಕರಗಿಸಿ ತೆಗೆದುಕೊಳ್ಳುತ್ತೆ. ಆಗ ಮೂಳೆ ಮೆತ್ತಗಾಗುತ್ತೆ, ಕಾಲು ಸೋಲುತ್ತೆ, ಸಣ್ಣ ಜಿಗಿತಕ್ಕೂ ಮುರಿಯುತ್ತೆ. ಮನೆಯಲ್ಲಿ ಸಾಕಿದ ಅಳಿಲುಗಳು ಸಾಯೋದು ಎಷ್ಟೋ ಸಲ ಇದರಿಂದಲೇ. ಊಟದಲ್ಲಿ ರಂಜಕ, ಅಂದರೆ ಫಾಸ್ಫರಸ್, ಜಾಸ್ತಿ ಇದ್ದು ಕ್ಯಾಲ್ಸಿಯಂ ಕಡಿಮೆ ಇದ್ದರೆ ಇನ್ನೂ ಕಷ್ಟ, ಇದ್ದಷ್ಟು ಕ್ಯಾಲ್ಸಿಯಮ್ಮೂ ಮೈಗೆ ಹತ್ತಲ್ಲ. ಶೇಂಗಾದಲ್ಲಿ ಕ್ಯಾಲ್ಸಿಯಮ್ಮಿಗಿಂತ ರಂಜಕ ಸುಮಾರು ನಾಲ್ಕು ಪಟ್ಟು. ಸೂರ್ಯಕಾಂತಿ ಬೀಜದಲ್ಲಿ ಅದಕ್ಕಿಂತಲೂ ಜಾಸ್ತಿ. ಹೊಲದ ಅಳಿಲು ಬೀಜ ತಿಂದರೂ ಅದರ ಜೊತೆ ಚಿಗುರು, ತೊಗಟೆ, ಹುಳ, ಹೂವು ಎಲ್ಲ ತಿನ್ನುತ್ತೆ, ದಿನವೆಲ್ಲ ಬಿಸಿಲಲ್ಲಿ ಇರುತ್ತೆ. ನಮ್ಮದು ಶೇಂಗಾ ಒಂದನ್ನೇ ತಿಂದು ನೆರಳಲ್ಲಿ ಕೂತಿತ್ತು. ಹಾಲಿನಲ್ಲಿ ಸಿಗುತ್ತಿದ್ದ ಕ್ಯಾಲ್ಸಿಯಮ್ಮನ್ನು ನಾನೇ ನಿಲ್ಲಿಸಿದ್ದೆ.

ಆ ದಿನ ಮನೆಗೆ ಬಂದು ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆಯವರ ಆಹಾರದ ಪಟ್ಟಿ ಹುಡುಕಿ ಓದಿದೆ. 100 ಗ್ರಾಂ ಜೋಳದಲ್ಲಿ ಕ್ಯಾಲ್ಸಿಯಂ ಸುಮಾರು 25 ಮಿಲಿಗ್ರಾಂ. ಅಷ್ಟೇ ರಾಗಿಯಲ್ಲಿ 340ಕ್ಕೂ ಜಾಸ್ತಿ. ನುಗ್ಗೆ ಸೊಪ್ಪಿನಲ್ಲೂ ಕ್ಯಾಲ್ಸಿಯಂ ತುಂಬ, ರಂಜಕ ಮಾತ್ರ ಕಡಿಮೆ. ನಮ್ಮವರಿಗೆ ಪಟ್ಟಿ ತೋರಿಸಿದೆ. ಅವರು ಏನೂ ಹೇಳದೆ ಸಂಜೆ ಎರಡು ಕೆಜಿ ರಾಗಿ ಹಿಟ್ಟು ತಂದಿಟ್ಟರು.

ಶೇಂಗಾ ಡಬ್ಬಿ ಅಟ್ಟಕ್ಕೆ ಹೋಯಿತು. ಮಗ ಮೂಲೆಯಲ್ಲಿ ಕೂತು ಅತ್ತ, ನನ್ನಿಂದಲೇ ಆಯ್ತಲ್ವಾಮ್ಮ ಅಂತ. ನಿನ್ನಿಂದ ಅಲ್ಲ ಕಣೋ, ನಾನು ನೋಡಿಯೂ ಸುಮ್ಮನಿದ್ದೆ ಅಂದೆ. ಅದು ನಿಜವೂ ಹೌದು.

ಡಾಕ್ಟರ್ ಕ್ಯಾಲ್ಸಿಯಂ ಹನಿ ಕೊಟ್ಟರು. ಎಷ್ಟು ಹನಿ ಅಂತ ನಾನು ಇಲ್ಲಿ ಬರೆಯುವುದಿಲ್ಲ, ಅದು ಮರಿಯ ತೂಕ ನೋಡಿ ಡಾಕ್ಟರೇ ಹೇಳಬೇಕಾದ್ದು. ಹಾಲು ಮತ್ತೆ ನಾಲ್ಕು ಹೊತ್ತು ಶುರು. ಬೆಳಗ್ಗೆ ಏಳರಿಂದ ಎಂಟರವರೆಗೆ ಬಿಸಿಲು, ಅರ್ಧ ಪಂಜರಕ್ಕೆ ನೆರಳಿರುವ ಹಾಗೆ. ಅಲ್ಲಿಯವರೆಗೆ ನಾನು ಡಬ್ಬಿಯನ್ನು ಕಿಟಕಿಯ ಗಾಜಿನ ಹಿಂದೆ ಇಟ್ಟು ಬಿಸಿಲು ಸಿಗುತ್ತಿದೆ ಅಂದುಕೊಂಡಿದ್ದೆ. ಗಾಜಿನ ಮೂಲಕ ಬಂದ ಬಿಸಿಲಿನಿಂದ ಮೈಯಲ್ಲಿ ವಿಟಮಿನ್ ಡಿ ಆಗಲ್ಲವಂತೆ, ಅದಕ್ಕೆ ಬೇಕಾದ ಕಿರಣವನ್ನು ಗಾಜೇ ತಡೆದುಬಿಡುತ್ತೆ. ಏಪ್ರಿಲ್ ತಿಂಗಳ ರಾಯಚೂರಿನಲ್ಲಿ ಒಂದು ಜೀವಕ್ಕೆ ಬಿಸಿಲಿನ ಕೊರತೆ ಆಗಬಹುದು ಅಂತ ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.

ಐದನೇ ದಿನ ಎಳೆಯುವುದು ಕಡಿಮೆಯಾಯಿತು. ಹತ್ತನೇ ದಿನ ಪರದೆಯ ತುದಿಯಲ್ಲಿ ಕೂತು ಬಾಲ ಕುಣಿಸುತ್ತಾ ಚಿಕ್ ಚಿಕ್ ಅಂತ ಕೂಗಿತು. ಅವ್ವ ಕೆಳಗಿನಿಂದ ನೋಡಿ ಕಣ್ಣೊರೆಸಿಕೊಂಡಳು.

ಎರಡನೇ ಸಲ ಹಾಲಿನಿಂದ ಊಟಕ್ಕೆ ತರುವಾಗ ನಾನು ಆತುರ ಮಾಡಲಿಲ್ಲ. ಇಲಿ, ಅಳಿಲುಗಳಿಗೆ ಅಂತಲೇ ಮಾಡಿದ ಗಟ್ಟಿ ಬಿಲ್ಲೆಗಳು ಬರುತ್ತವೆ, ನಮ್ಮೂರಿನ ಅಂಗಡಿಗಳಲ್ಲಿ ಎಲ್ಲೂ ಸಿಗಲಿಲ್ಲ. ಡಾಕ್ಟರನ್ನು ಕೇಳಿಕೊಂಡು ಮನೆಯಲ್ಲೇ ಮಾಡಿದೆ. ರಾಗಿ ಹಿಟ್ಟು, ಸ್ವಲ್ಪ ಪುಟಾಣಿ (ಹುರಿಗಡಲೆ) ಪುಡಿ, ಅದೇ ಹಾಲಿನ ಪುಡಿ, ಅವರು ಹೇಳಿದಷ್ಟು ಕ್ಯಾಲ್ಸಿಯಂ ಪುಡಿ, ಒಣಗಿಸಿದ ನುಗ್ಗೆ ಸೊಪ್ಪು, ನೀರು ಹಾಕಿ ಗಟ್ಟಿಯಾಗಿ ನಾದಿ, ಸಣ್ಣ ಬಿಲ್ಲೆ ತಟ್ಟಿ, ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಒಣ ಒಣ ಆಗುವವರೆಗೆ ಸುಟ್ಟೆ. ಉಪ್ಪು, ಬೆಲ್ಲ, ಎಣ್ಣೆ ಏನೂ ಇಲ್ಲ. ಹಸಿದಾಗ ಮೊದಲು ಬಿಲ್ಲೆ. ಅದನ್ನು ಕೆರೆದು ತಿಂದ ಮೇಲೆ ಸೊಪ್ಪು, ತರಕಾರಿ. ಹಣ್ಣು ಒಂದು ಹೋಳು ಅಷ್ಟೇ. ಸಿಹಿ ಮೊದಲು ಸಿಕ್ಕರೆ ಬೇರೆ ಏನನ್ನೂ ಮೂಸಲ್ಲ, ಮಕ್ಕಳ ಹಾಗೇ.

ಬಿಸಿಲಿನದ್ದೇ ಒಂದು ಯುದ್ಧ. 42 ಡಿಗ್ರಿಯಲ್ಲಿ ಕಲಸಿದ ಹಾಲು ಗಂಟೆಯೊಳಗೆ ಹುಳಿ ವಾಸನೆ ಬರುತ್ತೆ. ಹೆಚ್ಚಿಟ್ಟ ಹಣ್ಣಿಗೆ ಇರುವೆ. ಒಂದು ಸಲಕ್ಕೆ ಚೂರೇ ಚೂರು ಇಟ್ಟು, ಉಳಿದದ್ದನ್ನು ತೆಗೆದು, ಮತ್ತೆ ಇಡಬೇಕು. ಹಾಲು ಕಡಿಮೆ ಆದಂತೆ ನೀರು ಕುಡಿಯೋದನ್ನು ಅದು ಕಲಿಯಬೇಕು, ಇಲ್ಲದಿದ್ದರೆ ಈ ಸೆಕೆಗೆ ಒಂದು ದಿನವೂ ತಡೆಯಲ್ಲ. ಮಣ್ಣಿನ ಹಣತೆಯಲ್ಲಿ ನೀರಿಟ್ಟೆ. ಅರಳೆ ಮಧ್ಯಾಹ್ನವೆಲ್ಲ ಕಡಪಾ ಕಲ್ಲಿನ ಮೇಲೆ ನಾಲ್ಕೂ ಕಾಲು ಚಾಚಿ, ಹೊಟ್ಟೆ ನೆಲಕ್ಕೆ ಒತ್ತಿ ಮಲಗಿರುತ್ತಿತ್ತು. ಮೊದಲ ದಿನ ಅದನ್ನು ನೋಡಿ ಮತ್ತೆ ಕಾಲು ಹೋಯಿತು ಅಂತ ನನ್ನ ಎದೆ ಧಸಕ್ ಅಂದಿತ್ತು. ಸೆಕೆಗೆ ಅಳಿಲುಗಳು ಹಾಗೇ ಮಲಗೋದು.

ಹಾಲಿನ ವಿಷಯಕ್ಕೆ ಬರುತ್ತೇನೆ. ಈ ಸಲ ನಾನು ಯಾವ ಹೊತ್ತನ್ನೂ ನಿಲ್ಲಿಸಲಿಲ್ಲ. ಪ್ರತಿ ಹೊತ್ತಿಗೂ ಸಿರಿಂಜು ಹಿಡಿದು ಹೋದೆ. ಬೇಕಾದಷ್ಟು ಕುಡಿ, ಬೇಡವಾದರೆ ಹೋಗು. ಮೊದಲ ವಾರ ಎಲ್ಲ ಹೊತ್ತೂ ಪೂರ್ತಿ ಕುಡಿಯಿತು. ಎರಡನೇ ವಾರ ಮಧ್ಯಾಹ್ನದ ಹಾಲನ್ನು ಎರಡು ಗುಟುಕು ಕುಡಿದು, ಸಿರಿಂಜನ್ನು ಮುಂಗೈಯಿಂದ ತಳ್ಳಿ, ಬೇವಿನ ಕಡ್ಡಿ ಕೆರೆಯಲು ಹೋಯಿತು. ಮರುದಿನವೂ ಅದೇ. ಮೂರು ದಿನ ಹಾಗೆ ಮಾಡಿದ ಮೇಲೆ ಆ ಹೊತ್ತು ನಿಂತಿತು. ದಿನಾ ಬೆಳಗ್ಗೆ ತೂಕ ನೋಡುತ್ತಿದ್ದೆ. ತೂಕ ಇಳಿದರೆ ಮತ್ತೆ ಕೊಡಬೇಕು, ಏರುತ್ತಿದ್ದರೆ, ಇಲ್ಲವೇ ನಿಂತಲ್ಲೇ ನಿಂತಿದ್ದರೂ, ಹೆದರಬೇಕಾಗಿಲ್ಲ. ಹತ್ತು ದಿನ ಬಿಟ್ಟು ರಾತ್ರಿಯ ಹಾಲು ಹೋಯಿತು. ಆಮೇಲೆ ಸಂಜೆಯದ್ದು. ನಡುವೆ ಒಂದು ದಿನ ಗುಡುಗಿಗೆ ಹೆದರಿ ಎಲ್ಲ ಹೊತ್ತೂ ಹಾಲೇ ಬೇಕು ಅಂತ ನನ್ನ ಸೆರಗು ಬಿಡಲಿಲ್ಲ. ಕೊಟ್ಟೆ. ಎರಡು ದಿನಕ್ಕೆ ತಾನೇ ಮತ್ತೆ ಬಿಲ್ಲೆಗೆ ಬಂತು.

ಆಗ ನನಗೆ ಅವ್ವನ ಮಾತು ತಿರುಗಿ ನೆನಪಾಯಿತು. ಬಿಡಿಸೋದು ಅಂತ ಅವಳು ಅಂದಳು, ಇಲ್ಲಿ ನಡೆಯುತ್ತಿದ್ದದ್ದು ಬಿಡೋದು. ನನ್ನ ಪಾಲಿನ ಕೆಲಸ ಬಟ್ಟಲಲ್ಲಿ ಏನಿರಬೇಕು ಅನ್ನುವುದಷ್ಟೇ. ಹಾಲು ಯಾವಾಗ ಸಾಕು ಅನ್ನುವುದು ಅರಳೆಯ ಹೊಟ್ಟೆಗೆ ಗೊತ್ತಿತ್ತು. ಅವ್ವನಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮಗೆಲ್ಲಿ ಅಷ್ಟ ಪುರುಸೊತ್ತ ಇತ್ತವ್ವ. ಹೊಟ್ಯಾಗ ಒಂದು, ಬಗಲಾಗ ಒಂದು, ಹೊಲದಾಗ ಕೆಲಸ" ಅಂದಳು. ಅದಕ್ಕೆ ನಾನು ಏನು ಹೇಳಲಿ. ಮೂರು ರಾತ್ರಿ ಅತ್ತ ಮಗುವಿನ ಪಕ್ಕ ಜ್ವರದಲ್ಲಿ ಮಲಗಿದ್ದ ಇಪ್ಪತ್ತೆರಡು ವರ್ಷದ ಹುಡುಗಿಯನ್ನು ನೆನೆಸಿಕೊಂಡು ಅವಳ ಕೈ ಹಿಡಿದು ಕೂತೆ.

ಕೊನೆಗೆ ಉಳಿದದ್ದು ಬೆಳಗಿನ ಐದು ಗಂಟೆಯ ಹಾಲು.

ಅದು ಸುಮಾರು ಹದಿಮೂರು ವಾರದವರೆಗೂ ನಡೆಯಿತು. ಈ ಅಳಿಲುಗಳು ಸಾಮಾನ್ಯವಾಗಿ ಹತ್ತು ವಾರದ ಹೊತ್ತಿಗೆ ತಾಯಿ ಹಾಲು ಬಿಡುತ್ತವೆ ಅಂತ ಓದಿದ್ದೆ. ಕಾಲಿನ ತೊಂದರೆಯಿಂದ ನಮ್ಮದು ಸ್ವಲ್ಪ ತಡ ಅಂದುಕೊಂಡೆ. ಆದರೆ ನಿಜ ಹೇಳಬೇಕು. ಕೊನೆಯ ಒಂದು ವಾರ ಅರಳೆ ತಾನಾಗಿ ಎದ್ದು ಬರುತ್ತಿರಲಿಲ್ಲ. ನಾನೇ ಹತ್ತಿಯೊಳಗೆ ಕೈ ಹಾಕಿ, ನಿದ್ದೆಯಲ್ಲಿದ್ದ ಅದನ್ನು ಎತ್ತಿ, ಬಾಯಿಗೆ ಸಿರಿಂಜು ಇಡುತ್ತಿದ್ದೆ. ಅದು ಅಭ್ಯಾಸಕ್ಕೆ ಅರ್ಧ ಕುಡಿಯುತ್ತಿತ್ತು. ಹಸಿವಿಗಲ್ಲ. ನಮ್ಮವರು ಒಂದು ದಿನ ನೀರು ಕುಡಿಯಲು ಎದ್ದವರು ಬಾಗಿಲಲ್ಲಿ ನಿಂತು ನೋಡಿ, "ಅದು ಮಲಗಿತ್ತಲ್ಲ?" ಅಂತ ಮಾತ್ರ ಕೇಳಿದರು. ನಾನು ಉತ್ತರ ಕೊಡಲಿಲ್ಲ. ಮರುದಿನ ಐದಕ್ಕೆ ಎದ್ದೆ, ಹಾಲು ಕಲಸಲಿಲ್ಲ. ಡಬ್ಬಿಯ ಪಕ್ಕ ಸುಮ್ನೆ ಕೂತೆ. ಆರಕ್ಕೆ ನಲ್ಲಿ ಬಂತು, ಕೊಡ ತುಂಬಿಸಿ ವಾಪಸ್ ಬಂದಾಗ ಅರಳೆ ಎದ್ದು ಬಟ್ಟಲ ಹತ್ತಿರ ಕೂತು ಬಿಲ್ಲೆ ಕೆರೆಯುತ್ತಿತ್ತು. ನನ್ನನ್ನು ನೋಡಿ ಕಿವಿ ನಿಮಿರಿಸಿತು. ಮತ್ತೆ ಕೆರೆಯಲು ಶುರು ಮಾಡಿತು. ಆ ದಿನದಿಂದ ಹಾಲು ಇಲ್ಲ.

ಆಮೇಲಿನ ಕೆಲಸ ಕಾಡಿನ ಊಟ ಕಲಿಸೋದು. ಕಾಡು ಅಂದರೆ ನಮಗೆ ಹಿಂದಿನ ಬೇವಿನ ಮರ, ಅದರಾಚೆಯ ಹುಣಸೆ ಮರ. ದಿನಾ ಒಂದು ಟೊಂಗೆ ಮುರಿದು ತಂದು ಪಂಜರದಲ್ಲಿ ಕಟ್ಟುತ್ತಿದ್ದೆವು. ಹುಣಸೆ ಚಿಗುರು, ಬೇವಿನ ಕಡ್ಡಿ, ಪೇರಲದ ತೊಗಟೆ. ಅಳಿಲಿನ ಮುಂದಿನ ಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತೆ, ಕಡಿದು ಕಡಿದು ಸವೆಸಬೇಕು, ಮೆತ್ತಗಿನ ಊಟ ಒಂದನ್ನೇ ಕೊಟ್ಟರೆ ಅದೂ ತಪ್ಪು. ಶೇಂಗಾವನ್ನು ಈಗ ವಾರಕ್ಕೆ ಒಂದು, ಸಿಪ್ಪೆ ಸಮೇತ, ಟೊಂಗೆಯ ಸಂದಿಯಲ್ಲಿ ಅಡಗಿಸಿ ಇಡುತ್ತಿದ್ದೆವು. ಅಡಗಿಸುವುದು ಮಗನ ಕೆಲಸ. ಹುಡುಕುವುದು ಅರಳೆಯ ಕೆಲಸ. ಮೈ ಸವರುವುದನ್ನೂ, ಮಾತಾಡಿಸುವುದನ್ನೂ ಕಡಿಮೆ ಮಾಡಿದೆವು. ಮಗನಿಗೆ ಅದೇ ಎಲ್ಲಕ್ಕಿಂತ ಕಷ್ಟವಾಯಿತು. ನನಗೂ. ಜನರನ್ನು ನಂಬುವ ಅಳಿಲು ಬೀದಿಯಲ್ಲಿ ಹೆಚ್ಚು ದಿನ ಬದುಕಲ್ಲ, ಬೆಕ್ಕನ್ನು ನೋಡಿ ಓಡಬೇಕು ಅನ್ನುವುದು ಅದಕ್ಕೆ ಗೊತ್ತಿರಬೇಕು.

ಮೊದಲ ಮಳೆ ಬಿದ್ದು ಸೆಕೆ ಸ್ವಲ್ಪ ಇಳಿದ ಮೇಲೆ, ಜೂನ್ ಮೊದಲ ವಾರ, ಬಾಲ್ಕನಿಯಲ್ಲಿಟ್ಟ ಪಂಜರದ ಬಾಗಿಲು ಬೆಳಗ್ಗೆ ತೆರೆದಿಟ್ಟೆವು. ಆಗ ಅದರ ತೂಕ 78 ಗ್ರಾಂ. ಮೊದಲ ದಿನ ಬಾಗಿಲ ಅಂಚಿಗೆ ಬಂದು ಮೂಸಿ ಒಳಗೆ ಹೋಯಿತು. ಎರಡನೇ ದಿನ ಕೂಲರಿನವರೆಗೆ. ಮೂರನೇ ದಿನ ಮರಕ್ಕೆ ಜಿಗಿಯಿತು, ಸಂಜೆ ವಾಪಸ್ ಬಂದು ಹತ್ತಿಯಲ್ಲಿ ಮಲಗಿತು. ಬಿಲ್ಲೆ, ನೀರು ಅಲ್ಲೇ ಇಡುತ್ತಾ ಹೋದೆವು. ಎರಡು ವಾರ ಪ್ರತಿ ರಾತ್ರಿ ಬಂತು. ಆಮೇಲೆ ಒಂದು ರಾತ್ರಿ ಬರಲಿಲ್ಲ. ನಾನು ಟಾರ್ಚ್ ಹಿಡಿದು ಬಾಲ್ಕನಿಯಲ್ಲಿ ತುಂಬ ಹೊತ್ತು ನಿಂತಿದ್ದೆ. ಅವ್ವ ಒಳಗಿನಿಂದಲೇ, "ಬಾರವ್ವ ಮಲಕ್ಕೋ, ಅದಕ್ಕ ಮನಿ ಸಿಕ್ಕೈತಿ" ಅಂತ ಕರೆದಳು.

ಬೆಳಗ್ಗೆ ಐದಕ್ಕೆ ಎಚ್ಚರವಾಯಿತು, ಈಗಲೂ ಆಗುತ್ತೆ. ಹೊರಗೆ ಹೋದೆ. ಬೇವಿನ ಹಣ್ಣು ಆಗಿತ್ತು, ಮರದ ಕೆಳಗೆಲ್ಲ ಹಳದಿ ಹಳದಿ. ಬೆಳಕು ಹರಿಯುವ ಹೊತ್ತಿಗೆ ಮೂರು ಅಳಿಲು ಒಂದರ ಹಿಂದೆ ಒಂದು ಕೊಂಬೆಯ ಮೇಲೆ ಓಡಿದವು. ಯಾವುದು ಅರಳೆ ಅಂತ ಗುರುತು ಸಿಗಲಿಲ್ಲ. ಆಮೇಲೆ ಒಂದು ಕೆಳಗಿನ ಕೊಂಬೆಗೆ ಇಳಿದು, ಬಾಲ್ಕನಿಗೆ ಎರಡು ಮಾರು ದೂರದಲ್ಲಿ ಕೂತು, ಒಂದು ಹಣ್ಣು ಕಿತ್ತು ಎರಡು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿತು. ಯುಗಾದಿಯ ದಿನ ಹೂವು ಹಿಡಿದ ಹಾಗೇ. ಸಿಪ್ಪೆ ಸುಲಿದು ತಿರುಳು ತಿಂದಿತು. ಬೀಜ ಕೈಜಾರಿ ಕೂಲರಿನ ತಗಡಿನ ಮೇಲೆ ಟಪ್ ಅಂತ ಬಿತ್ತು.